ಪುಟ್ಟ ಮಕ್ಕಳೊಂದಿಗೆ ಕ್ಷೇತ್ರಯಾತ್ರೆ: ಕಾರು, ವಿಮಾನ ಮತ್ತು ಸೂರ್ಯಾಸ್ತದ ಲೆಕ್ಕ

ಐದಾರು ವರ್ಷದೊಳಗಿನ ಮಕ್ಕಳನ್ನು ಕರೆದುಕೊಂಡು ಕ್ಷೇತ್ರದರ್ಶನಕ್ಕೆ ಹೊರಡುವ ಜೈನ ಕುಟುಂಬಕ್ಕೆ ಇತರ ಪ್ರಯಾಣಿಕರಿಗಿಲ್ಲದ ಒಂದು ಲೆಕ್ಕವಿರುತ್ತದೆ. ಎಷ್ಟು ಕಿಲೋಮೀಟರ್, ಎಷ್ಟು ಗಂಟೆ ಎನ್ನುವುದರ ಜೊತೆಗೆ ಸೂರ್ಯ ಎಷ್ಟು ಹೊತ್ತಿಗೆ ಮುಳುಗುತ್ತಾನೆ ಎಂಬುದನ್ನೂ ನೋಡಿಕೊಳ್ಳಬೇಕು. ದೊಡ್ಡವರಾದರೆ ಊಟ ತಪ್ಪಿದರೂ ಒಂದು ರಾತ್ರಿ ತಡೆದುಕೊಂಡಾರು. ಮಗು ತಡೆದುಕೊಳ್ಳುವುದಿಲ್ಲ. ಹಾಗೆಂದು ಕತ್ತಲಾಗುವುದರೊಳಗೆ ಊರು ಸೇರಬೇಕೆಂಬ ಆತುರದಲ್ಲಿ ಘಾಟಿಯಲ್ಲಿ ಗಾಡಿ ಓಡಿಸುವುದು ಊಟ ತಪ್ಪುವುದಕ್ಕಿಂತ ದೊಡ್ಡ ಅಪಾಯ. ಆದ್ದರಿಂದ ಇಂತಹ ಯಾತ್ರೆಯ ವೇಳಾಪಟ್ಟಿಯನ್ನು ಹೊರಡುವ ಹೊತ್ತಿನಿಂದ ಮುಂದಕ್ಕೆ ಹಾಕದೆ, ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸಿ ಹಾಕುವುದು ಸರಿಯಾದ ಕ್ರಮ.

ಬೆಂಗಳೂರಿನಲ್ಲಿ ಜುಲೈ ಆರಂಭದಲ್ಲಿ ಸೂರ್ಯಾಸ್ತ ಸುಮಾರು 6.50ಕ್ಕೆ, ನವೆಂಬರ್ ಮೂರನೆಯ ವಾರದಲ್ಲಿ ಸುಮಾರು 5.50ಕ್ಕೆ. ಒಂದು ಗಂಟೆಯ ವ್ಯತ್ಯಾಸ. ಮೂಡುಬಿದಿರೆ, ಕಾರ್ಕಳದ ಕಡೆ ಹೋದರೆ ಪಶ್ಚಿಮಕ್ಕಿರುವುದರಿಂದ ಸುಮಾರು ಹತ್ತು ನಿಮಿಷ ಹೆಚ್ಚು ಸಿಗುತ್ತದೆ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ, ಮೊದಲೇ ಆಹಾರ ಮುಗಿಸುವ ಮನೆಯವರು ಚಳಿಗಾಲದಲ್ಲಿ ಸಂಜೆ ಐದಕ್ಕೆ ಊಟ ಮುಗಿಸಿ ಎಲೆಯಿಂದ ಎದ್ದಿರಬೇಕಾಗುತ್ತದೆ. ಮಗುವಿಗೆ ಊಟ ಮಾಡಿಸಲು ಮುಕ್ಕಾಲು ಗಂಟೆ ಬೇಕು ಎಂದಿಟ್ಟುಕೊಂಡರೆ ನಾಲ್ಕೂಕಾಲಿಗೆ ಗಾಡಿ ನಿಂತಿರಬೇಕು. ಯಾತ್ರೆಯ ಬೇರೆಲ್ಲ ಲೆಕ್ಕವೂ ಇದರ ಸುತ್ತಲೇ ಕೂರಬೇಕು.

ನಿಯಮ ಯಾರಿಗೆ, ಎಷ್ಟು

ರಾತ್ರಿಭೋಜನ ತ್ಯಾಗದ ವಿಷಯದಲ್ಲಿ ಎಲ್ಲ ಮನೆಗಳ ನಿಯಮ ಒಂದೇ ಅಲ್ಲ. ನಾಲ್ಕು ಬಗೆಯ ಆಹಾರವನ್ನೂ ಬಿಡುವವರಿದ್ದಾರೆ. ಅನ್ನ, ತಿಂಡಿಯನ್ನು ಮಾತ್ರ ಬಿಟ್ಟು ನೀರು, ಹಾಲು, ಔಷಧ ಇಟ್ಟುಕೊಂಡವರೂ ಇದ್ದಾರೆ. ಮಕ್ಕಳ ಮಟ್ಟಿಗೆ ಒಂದು ಮಾತು ಸ್ಪಷ್ಟವಾಗಿದೆ. ವ್ರತ ಸ್ವೀಕರಿಸಲು ಪರಂಪರೆ ಹೇಳುವ ಕನಿಷ್ಠ ವಯಸ್ಸು ಎಂಟು ವರ್ಷ. ಅದಕ್ಕಿಂತ ಚಿಕ್ಕ ಮಗು ಪಾಲಿಸುವುದು ಸಂಸ್ಕಾರ, ವ್ರತವಲ್ಲ. ಆಚರಣೆಯ ಹೊಣೆ ಹಿರಿಯರದು, ಮಗುವಿನ ಹಸಿವು ನೀಗಿಸುವ ಹೊಣೆಯೂ ಅವರದೇ. ಎದೆಹಾಲಿಗೆ ಹಗಲು-ರಾತ್ರಿಯ ಪ್ರಶ್ನೆಯೇ ಇಲ್ಲ. ವಾಂತಿ ಅಥವಾ ಭೇದಿಯಾದ ಮಗುವಿಗೆ ಒಆರ್‌ಎಸ್ ಕುಡಿಸಲು ಸೂರ್ಯನನ್ನು ನೋಡುತ್ತ ಕೂರುವಂತಿಲ್ಲ.

ಹಳೆಯ ನಿಯಮ ಮತ್ತು ವೈದ್ಯರ ಸಲಹೆ ಜೊತೆಯಾಗಿ ನಡೆಯುವ ಕಡೆಗಳೂ ಇವೆ. ಗಾಳಿಸಿದ ನೀರಿನ ಮರ್ಯಾದೆ 48 ನಿಮಿಷ. ಗಾಳಿಸಿ ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆ. ಪ್ರಯಾಣದಲ್ಲಿ ಮಗುವಿಗೆ ಕುದಿಸಿ ಆರಿಸಿದ ನೀರನ್ನೇ ಕೊಡಿ ಎಂದು ವೈದ್ಯರೂ ಹೇಳುತ್ತಾರೆ. ಒಮ್ಮೆ ಕಲಸಿದ ಒಆರ್‌ಎಸ್ ದ್ರಾವಣವನ್ನು 24 ಗಂಟೆಯ ಮೇಲೆ ಬಳಸಬಾರದು ಎನ್ನುವುದು ಅವರ ನಿಯಮವೂ ಹೌದು. ಆದ್ದರಿಂದ ಎರಡು ಲೀಟರಿನ ಒಳ್ಳೆಯ ಫ್ಲಾಸ್ಕ್, ಒಂದು ಗಾಳಿಸುವ ಬಟ್ಟೆ, ತಂಗಿದಲ್ಲಿ ನೀರು ಕಾಯಿಸಲು ಒಂದು ಕೆಟಲ್ ಇದ್ದರೆ ಎರಡೂ ಕಡೆಯ ಮಾತು ನಡೆಯುತ್ತದೆ. ಆರು ತಿಂಗಳೊಳಗಿನ, ಎದೆಹಾಲು ಮಾತ್ರ ಕುಡಿಯುವ ಕೂಸಿಗೆ ಬೇಸಿಗೆಯ ದಾರಿಯಲ್ಲೂ ಬೇರೆ ನೀರು ಬೇಕಿಲ್ಲ. ಹಾಲನ್ನೇ ಹೆಚ್ಚು ಸಲ ಕೊಟ್ಟರೆ ಸಾಕು, ತಾಯಿ ಮಾತ್ರ ಸಾಕಷ್ಟು ನೀರು ಕುಡಿಯಬೇಕು. ಉಪವಾಸ ಅಥವಾ ಏಕಭುಕ್ತ ಹಿಡಿದ ಬಾಣಂತಿ ದೂರದ ಪ್ರಯಾಣದ ದಿನ ಅದನ್ನು ಬಿಡುವುದೇ ಒಳ್ಳೆಯದು.

ಜೇನಿನದೂ ಅದೇ ಕಥೆ. ಅಷ್ಟಮೂಲಗುಣಗಳಲ್ಲಿ ಮದ್ಯ, ಮಾಂಸಗಳ ಜೊತೆ ಮಧುವಿನ ತ್ಯಾಗವೂ ಸೇರಿದೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು, ಅದರಿಂದ ಬಾಟುಲಿಸಂ ಎಂಬ ಮಾರಕ ವಿಷಬಾಧೆ ತಗಲಬಹುದು ಎಂದು ಮಕ್ಕಳ ವೈದ್ಯರು ಎಚ್ಚರಿಸುತ್ತಾರೆ. ದಾರಿಯಲ್ಲಿ ಕೆಮ್ಮು ಬಂತೆಂದು ಅಂಗಡಿಯಲ್ಲಿ ಸಿಕ್ಕಿದ ಸಿರಪ್ ಕುಡಿಸುವ ಮುನ್ನ ಈ ಎರಡು ಕಾರಣಕ್ಕೂ ಲೇಬಲ್ ಓದಬೇಕು. ಮಕ್ಕಳ ವಿಟಮಿನ್ ಗಮ್ಮಿ, ಜೆಲ್ಲಿ ಮಿಠಾಯಿಗಳಲ್ಲಿ ಜೆಲಾಟಿನ್ ಇರುತ್ತದೆ ಎನ್ನುವುದೂ ನೆನಪಿರಲಿ.

ಕಾರಿನಲ್ಲಿ

ಮುಂದಿನ ಸೀಟಿನಲ್ಲಿ ತಾಯಿ, ಅವಳ ತೊಡೆಯ ಮೇಲೆ ಮಗು: ಇದು ನಮ್ಮ ರಸ್ತೆಗಳಲ್ಲಿ ದಿನವೂ ಕಾಣುವ ನೋಟ, ಮತ್ತು ಕಾರಿನಲ್ಲಿ ಮಗುವನ್ನು ಕೂರಿಸುವ ಅತ್ಯಂತ ಅಪಾಯಕರ ರೀತಿ. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಕಾರು ಡಿಕ್ಕಿಯಾಗಿ ಥಟ್ಟನೆ ನಿಂತರೆ 10 ಕೆ.ಜಿ. ತೂಕದ ಮಗು ತನ್ನ ತೂಕದ ಹತ್ತಾರು ಪಟ್ಟು ಬಲದಿಂದ ಮುಂದಕ್ಕೆ ಚಿಮ್ಮುತ್ತದೆ. ಅದನ್ನು ತಡೆದು ಹಿಡಿಯುವಷ್ಟು ಬಲ ಯಾವ ತಾಯಿಯ ಕೈಗೂ ಇಲ್ಲ. ಏರ್‌ಬ್ಯಾಗ್ ತೆರೆದುಕೊಂಡರೆ ಮಗು ಅದಕ್ಕೂ ತಾಯಿಯ ಮೈಗೂ ನಡುವೆ ಸಿಲುಕುತ್ತದೆ. ಒಂದೇ ಸೀಟ್‌ಬೆಲ್ಟನ್ನು ಇಬ್ಬರಿಗೂ ಸೇರಿಸಿ ಹಾಕಿಕೊಳ್ಳುವುದಂತೂ ಇನ್ನೂ ಕೆಟ್ಟದ್ದು, ತಾಯಿಯ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ವಿಧಿಯಂತೆ 14 ವರ್ಷದೊಳಗಿನ ಮಕ್ಕಳನ್ನು ಸೀಟ್‌ಬೆಲ್ಟ್ ಅಥವಾ ಮಕ್ಕಳ ಸೀಟಿನ ರಕ್ಷಣೆಯಿಲ್ಲದೆ ಕರೆದೊಯ್ದರೆ 1,000 ರೂ. ದಂಡವಿದೆ. ಪೊಲೀಸರು ಅದಕ್ಕಾಗಿ ಗಾಡಿ ನಿಲ್ಲಿಸುವುದು ಅಪರೂಪ. ಹಾಗಾಗಿ ಕಾನೂನು ಇರುವುದೇ ಅನೇಕರಿಗೆ ತಿಳಿದಿಲ್ಲ. ಮಗುವಿನ ಸೀಟು ಹಿಂದಿನ ಸಾಲಿನಲ್ಲೇ ಇರಬೇಕು. ಕೂಸುಗಳಿಗೆ ಹಿಮ್ಮುಖವಾಗಿ ಕೂರಿಸುವ ಸೀಟು. ಕನಿಷ್ಠ 15 ತಿಂಗಳವರೆಗೆ ಹೀಗೆಯೇ, ಸೀಟಿನ ತೂಕ-ಎತ್ತರದ ಮಿತಿ ಇರುವಷ್ಟು ಕಾಲ ಹೀಗೆ ಕೂರಿಸಿದರೆ ಇನ್ನೂ ಒಳ್ಳೆಯದು. ಆಮೇಲೆ ಮುಮ್ಮುಖದ ಸೀಟು, ನಂತರ ಬೂಸ್ಟರ್. ಹೊಸ ಕಾರುಗಳಲ್ಲಿ ಐಸೋಫಿಕ್ಸ್ ಕೊಂಡಿಗಳಿರುತ್ತವೆ. ಇಲ್ಲದಿದ್ದರೆ ಸೀಟ್‌ಬೆಲ್ಟಿನಿಂದಲೇ ಬಿಗಿಯುವ ಮಾದರಿ ಕೊಳ್ಳಬೇಕು. ಬಾಡಿಗೆ ಕಾರಿನಲ್ಲಿ ಯಾತ್ರೆ ಹೋಗುವವರಿಗೆ ಇದೇ ಮಾದರಿ ಅನುಕೂಲ, ಏಕೆಂದರೆ ಬಾಡಿಗೆಯವರು ಸಾಮಾನ್ಯವಾಗಿ ಮಕ್ಕಳ ಸೀಟು ಇಟ್ಟಿರುವುದಿಲ್ಲ. ಹತ್ತು ಮಂದಿ ಒಂದೇ ಗಾಡಿಯಲ್ಲಿ ತುಂಬಿಕೊಂಡು ಹೋಗುವ ಕುಟುಂಬಯಾತ್ರೆಯ ಸಂತೋಷವೇ ಬೇರೆ ಎನ್ನುವುದು ನಿಜ. ಆದರೂ ಬೆಲ್ಟಿನ ಲೆಕ್ಕಕ್ಕಿಂತ ಒಬ್ಬರು ಹೆಚ್ಚಾದರೆ ಇನ್ನೊಂದು ಗಾಡಿ ಮಾಡುವುದೇ ಸರಿ.

ಘಾಟಿ ಇಳಿಯುವಾಗ ವಾಂತಿಯಾಗುವುದು ಹೆಚ್ಚಾಗಿ ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ. ಎರಡರೊಳಗಿನ ಕೂಸುಗಳಿಗೆ ಕಡಿಮೆ. ಸೂರ್ಯಾಸ್ತದ ಲೆಕ್ಕ ಇಲ್ಲಿ ತೊಡಕು ತರುತ್ತದೆ. ಕತ್ತಲಾಗುತ್ತದೆಂದು ಘಾಟಿಯ ನೆತ್ತಿಯಲ್ಲಿ ಅವಸರದಿಂದ ಹೊಟ್ಟೆತುಂಬ ತಿನ್ನಿಸಿ, ಕೂಡಲೇ ತಿರುವುಗಳಿಗೆ ಇಳಿದರೆ ತಿಂದದ್ದೆಲ್ಲ ಹೊರಗೆ ಬರುತ್ತದೆ. ಆಮೇಲೆ ಹಸಿದ ಮಗು, ಮುಳುಗಿದ ಸೂರ್ಯ. ಶಿರಾಡಿಗೆ ಮೊದಲು ಸಕಲೇಶಪುರದಲ್ಲಿ, ಚಾರ್ಮಾಡಿಗೆ ಮೊದಲು ಕೊಟ್ಟಿಗೆಹಾರದಲ್ಲಿ ಹಗುರವಾಗಿ ತಿನ್ನಿಸಿ, ಅರ್ಧ-ಮುಕ್ಕಾಲು ಗಂಟೆ ಆಡಲು ಬಿಟ್ಟು ಇಳಿಯುವುದು ಅನುಭವಸ್ಥರ ಪದ್ಧತಿ. ಅದಕ್ಕಿಂತ ಉತ್ತಮವೆಂದರೆ ಘಾಟಿಯನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳುವುದು. ಬೆಂಗಳೂರಿನಿಂದ ಹೊರಡುವವರು ಮೊದಲ ದಿನ ಸುಮಾರು 145 ಕಿ.ಮೀ. ದೂರದ ಶ್ರವಣಬೆಳಗೊಳದಲ್ಲಿ ತಂಗಿ, ಮರುದಿನ ಬೆಳಿಗ್ಗೆ ಶಿರಾಡಿ ಇಳಿದು ಮಧ್ಯಾಹ್ನದೊಳಗೆ ಕರಾವಳಿ ಸೇರಬಹುದು. ಒಂದೇ ದಿನದಲ್ಲಿ ಮೂಡುಬಿದಿರೆ ಮುಟ್ಟುತ್ತೇವೆ ಎನ್ನುವ ಹಟ ಮಕ್ಕಳಿಲ್ಲದವರಿಗಿರಲಿ. ಶ್ರಾವಕನ ಹನ್ನೆರಡು ವ್ರತಗಳಲ್ಲಿ ಹೋಗುವ ದೂರಕ್ಕೆ ಎಲ್ಲೆ ಹಾಕಿಕೊಳ್ಳುವ ದಿಗ್ವ್ರತವೂ ಒಂದು. ದಿನಕ್ಕೆ 200 ಕಿ.ಮೀ. ಎಂಬ ಎಲ್ಲೆಯನ್ನು ಯಾತ್ರೆಯ ಮಟ್ಟಿಗೆ ಹಾಕಿಕೊಂಡರೆ ಮಗುವಿಗೂ ಚಾಲಕನಿಗೂ ಸುಖ. ಮಳೆಗಾಲದಲ್ಲಿ ಮುನಿಗಳು ಒಂದೆಡೆ ನಿಂತು ಚಾತುರ್ಮಾಸ ಮಾಡುತ್ತಾರೆ. ಗೃಹಸ್ಥರು ಮಕ್ಕಳನ್ನು ಕಟ್ಟಿಕೊಂಡು ಮಂಜು, ಗುಡ್ಡಕುಸಿತಗಳ ಆ ತಿಂಗಳುಗಳಲ್ಲಿ ಘಾಟಿ ದಾಟದಿರುವುದಕ್ಕೆ ಬೇರೆ ಕಾರಣ ಬೇಕಿಲ್ಲ.

ಮಲಗಿದ ಮಗುವನ್ನು ಕಾರಿನಲ್ಲೇ ಬಿಟ್ಟು, ಐದೇ ನಿಮಿಷದಲ್ಲಿ ದರ್ಶನ ಮುಗಿಸಿ ಬರುತ್ತೇವೆಂದು ಬಸದಿಯೊಳಗೆ ಹೋಗುವುದುಂಟು. ಬಿಸಿಲಿನಲ್ಲಿ ನಿಂತ ಮುಚ್ಚಿದ ಕಾರಿನ ಒಳಗೆ ಹತ್ತು ನಿಮಿಷದಲ್ಲಿ ಉಷ್ಣಾಂಶ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಕಿಟಕಿಯನ್ನು ಒಂದಿಷ್ಟು ತೆರೆದಿಟ್ಟರೂ ಹೆಚ್ಚು ವ್ಯತ್ಯಾಸವಾಗದು. ಮಕ್ಕಳ ದೇಹ ದೊಡ್ಡವರಿಗಿಂತ ಬಹಳ ಬೇಗ ಕಾಯುತ್ತದೆ. ಒಬ್ಬರು ಉಳಿದು, ಸರದಿಯಲ್ಲಿ ದರ್ಶನ ಮಾಡಬೇಕು. ಇದಕ್ಕೆ ವಿನಾಯಿತಿ ಇಲ್ಲ.

ಬುತ್ತಿ

ರಸ್ತೆಬದಿಯ ಹೋಟೆಲಿನಲ್ಲಿ ಮಸಾಲೆ ದೋಸೆಯ ಆಲೂಗಡ್ಡೆ ಎಲ್ಲರಿಗೂ ಕಾಣುತ್ತದೆ. ಸಾಂಬಾರಿನ ಈರುಳ್ಳಿ, ಚಟ್ನಿಯ ಬೆಳ್ಳುಳ್ಳಿ, ಉಪ್ಪಿಟ್ಟಿನ ಕ್ಯಾರೆಟ್ ಕಾಣುವುದು ತಟ್ಟೆ ಬಂದ ಮೇಲೆ. ಹಸಿದು ಅಳುವ ಮಗುವಿನ ಎದುರು ಆ ತಟ್ಟೆ ವಾಪಸು ಕಳಿಸುವುದು ಸುಲಭವಲ್ಲ. ಹೆಚ್ಚಿನ ತಾಯಂದಿರು ಮಗುವಿನ ಒಂದು ಹೊತ್ತಿನ ಊಟ ಮನೆಯದೇ ಇರುವಂತೆ ನೋಡಿಕೊಳ್ಳುತ್ತಾರೆ. ಹುರಿದ ಅವಲಕ್ಕಿ ಪುಡಿ ಅಥವಾ ರಾಗಿ ಹುರಿಹಿಟ್ಟಿಗೆ ಫ್ಲಾಸ್ಕಿನ ಬಿಸಿನೀರು, ಚೂರು ಬೆಲ್ಲ ಸೇರಿಸಿದರೆ ಎರಡು ನಿಮಿಷದಲ್ಲಿ ಗಂಜಿ ಸಿದ್ಧ. ಬಾಳೆಹಣ್ಣು ಎಲ್ಲ ಊರಲ್ಲೂ ಸಿಗುತ್ತದೆ, ಸಿಪ್ಪೆಯೇ ಅದರ ಡಬ್ಬಿ.

ನಮ್ಮ ಬುತ್ತಿಯ ಹಳೆಯ ತಿನಿಸುಗಳಲ್ಲಿ ಒಂದು ಎಚ್ಚರ ಬೇಕು. ಹುರಿಗಡಲೆ, ಕಡಲೆಬೀಜ, ಗೋಡಂಬಿ, ಕೋಡುಬಳೆಯ ಗಟ್ಟಿ ಚೂರು ಇವೆಲ್ಲ ನಾಲ್ಕು ವರ್ಷದೊಳಗಿನ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳುವಂಥವು. ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿ ಕೂತ ಮಗು ಸದ್ದಿಲ್ಲದೆ ಉಸಿರುಗಟ್ಟಿದರೆ ಓಡಿಸುತ್ತಿರುವವರಿಗೆ ತಿಳಿಯುವುದೇ ಇಲ್ಲ. ಇವನ್ನು ಪುಡಿ ಮಾಡಿ ಕೊಡಬೇಕು, ಅಥವಾ ಗಾಡಿ ನಿಂತಾಗ ಎದುರು ಕೂತು ತಿನ್ನಿಸಬೇಕು.

ವಿಮಾನದಲ್ಲಿ

ಎರಡು ವರ್ಷ ತುಂಬದ ಮಗುವಿಗೆ ಪ್ರತ್ಯೇಕ ಸೀಟು ಕೊಳ್ಳುವುದು ಕಡ್ಡಾಯವಲ್ಲ, ತೊಡೆಯ ಮೇಲೆ ಕೂರಿಸಿ ಸಿಬ್ಬಂದಿ ಕೊಡುವ ಚಿಕ್ಕ ಬೆಲ್ಟು ಹಾಕಬಹುದು. ಆದರೆ ವಯಸ್ಸಿನ ದಾಖಲೆ ಬೇಕು: ಜನನ ಪ್ರಮಾಣಪತ್ರ ಇಲ್ಲದೆ ವಿಮಾನ ನಿಲ್ದಾಣಕ್ಕೆ ಹೋದರೆ ಪೂರ್ತಿ ಟಿಕೆಟ್ ಹಣ ಕಟ್ಟಬೇಕಾದೀತು. ನವಜಾತ ಶಿಶುವಿಗೆ ಎಷ್ಟು ದಿನ ತುಂಬಿರಬೇಕು ಎಂಬುದರಲ್ಲಿ ಕಂಪನಿಗೊಂದು ನಿಯಮ. ಜಿನದರ್ಶನ ಮಾಡಿಸುವವರೆಗೆ, ಅಂದರೆ ಸುಮಾರು ನಲವತ್ತೈದು ದಿನ, ಕೂಸನ್ನು ಹೊರಗೆ ಕರೆದೊಯ್ಯದ ಮನೆಗಳಿಗೆ ಆ ಪ್ರಶ್ನೆ ಏಳುವುದಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರಲ್ಲಿ ಹೊರಡಿಸಿದ ಸೂಚನೆಯಂತೆ, ಒಂದೇ ಪಿಎನ್‌ಆರ್‌ನಲ್ಲಿ ಪ್ರಯಾಣಿಸುವ 12 ವರ್ಷದವರೆಗಿನ ಮಕ್ಕಳಿಗೆ ತಂದೆ ಅಥವಾ ತಾಯಿಯಲ್ಲಿ ಒಬ್ಬರ ಪಕ್ಕದಲ್ಲಾದರೂ ಸೀಟು ಕೊಡಬೇಕು. ಸೀಟಿಗಾಗಿ ಹೆಚ್ಚು ಹಣ ಕೇಳಿದರೆ ಈ ಸೂಚನೆಯನ್ನು ನೆನಪಿಸಬಹುದು.

ಊಟದ ಬುಕಿಂಗಿನಲ್ಲಿ ಮಕ್ಕಳ ವಿಷಯಕ್ಕೇ ಹೆಚ್ಚಾಗಿ ತಪ್ಪುವುದು. ಅಂತರರಾಷ್ಟ್ರೀಯ ವಿಮಾನಗಳಲ್ಲಿ ಜೈನ ಊಟಕ್ಕೆ ವಿಜೆಎಂಎಲ್ ಎಂಬ ಸಂಕೇತವಿದೆ. ಹಿಂದೂ ಸಸ್ಯಾಹಾರಕ್ಕೆ ಎವಿಎಂಎಲ್, ಅದರಲ್ಲಿ ಈರುಳ್ಳಿ, ಆಲೂಗಡ್ಡೆ ಬರುತ್ತವೆ. ಮಕ್ಕಳ ಊಟವೆಂದು ಸಿಎಚ್‌ಎಂಎಲ್ ಗುರುತು ಹಾಕಿದರೆ ಮೊಟ್ಟೆ, ಮಾಂಸ ಬರುವುದೂ ಉಂಟು. ಬಣ್ಣದ ಡಬ್ಬಿಯ ಆಸೆಗೆ ಅದನ್ನು ಒತ್ತಬಾರದು. ಒಬ್ಬರಿಗೆ ಒಂದೇ ಸಂಕೇತ ನಡೆಯುವುದರಿಂದ ಮಗುವಿನ ಹೆಸರಿಗೂ ವಿಜೆಎಂಎಲ್ ಅನ್ನೇ, ಹೊರಡುವುದಕ್ಕೆ ಒಂದೆರಡು ದಿನ ಮೊದಲೇ, ಹಾಕಿಸಬೇಕು. ಸಂಜೆಯ ವಿಮಾನದಲ್ಲಿ ಊಟ ಬರುವಷ್ಟರಲ್ಲಿ ಕತ್ತಲಾಗಿರುವ ಸಾಧ್ಯತೆಯೇ ಹೆಚ್ಚು. ಹತ್ತುವ ಮೊದಲು ಡಬ್ಬಿ ತೆರೆದು ಮುಗಿಸುವುದೇ ನಿಶ್ಚಿಂತೆ.

ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಕೈಚೀಲದ ದ್ರವಗಳಿಗೆ 100 ಮಿ.ಲೀ. ಮಿತಿಯಿದ್ದರೂ ದಾರಿಗೆ ಬೇಕಾಗುವಷ್ಟು ಮಗುವಿನ ಹಾಲು, ಆಹಾರ, ಔಷಧಕ್ಕೆ ವಿನಾಯಿತಿಯಿದೆ. ತಪಾಸಣೆಯವರಿಗೆ ಅದನ್ನು ಮೊದಲೇ ಹೊರತೆಗೆದು ತೋರಿಸಬೇಕು. ಪೂಜೆಗೆಂದು ಇಟ್ಟ ತೆಂಗಿನಕಾಯಿ, ಕರ್ಪೂರ, ಬೆಂಕಿಪೊಟ್ಟಣ ಕೈಚೀಲದಲ್ಲಿ ಹೋಗುವುದಿಲ್ಲ. ಕರ್ಪೂರ ಮತ್ತು ಒಣಕೊಬ್ಬರಿ ದೊಡ್ಡ ಲಗೇಜಿನಲ್ಲೂ ಹಾಕುವಂತಿಲ್ಲ. ವಿಮಾನ ಇಳಿಯುವಾಗ ಮಕ್ಕಳ ಕಿವಿ ನೋಯುತ್ತದೆ. ಆಗ ಹಾಲು ಕುಡಿಸಿದರೆ, ದೊಡ್ಡ ಮಗುವಾದರೆ ನೀರು ಗುಟುಕರಿಸಿದರೆ ನೋವು ತಗ್ಗುತ್ತದೆ. ನೆಲ ಮುಟ್ಟುವುದಕ್ಕೆ ಅರ್ಧ ಗಂಟೆ ಮೊದಲೇ ಇದನ್ನು ಶುರುಮಾಡಬೇಕು. ನಿದ್ದೆಯಲ್ಲಿರುವ ಮಗುವನ್ನು ಎಬ್ಬಿಸಲು ಮನಸ್ಸು ಬಾರದಿದ್ದರೂ ಆ ಹೊತ್ತಿಗೆ ಎಬ್ಬಿಸುವುದೇ ಲೇಸು.

ಯಾವ ಕ್ಷೇತ್ರಕ್ಕೆ ಯಾವ ವಯಸ್ಸಿನಲ್ಲಿ

ಎಳೆಯ ಮಕ್ಕಳಿದ್ದಾಗ ಎಲ್ಲಕ್ಕಿಂತ ಸುಲಭವಾದುದು ಮೂಡುಬಿದಿರೆ. ಸಾವಿರ ಕಂಬದ ಬಸದಿಯೂ ಬಸದಿಗಳ ಬೀದಿಯೂ ಸಮತಟ್ಟಿನಲ್ಲಿವೆ. ನೆರಳಿದೆ, ಮಂಗಳೂರು ವಿಮಾನ ನಿಲ್ದಾಣ ಹತ್ತಿರ. ವೇಣೂರಿನ 35 ಅಡಿಯ ಬಾಹುಬಲಿಯ ದರ್ಶನಕ್ಕೂ ಬೆಟ್ಟ ಹತ್ತಬೇಕಿಲ್ಲ. ಧರ್ಮಸ್ಥಳದ ರತ್ನಗಿರಿಗೂ ಕಾರ್ಕಳದ ಬೆಟ್ಟಕ್ಕೂ ವಾಹನ ಹೋಗುವ ದಾರಿಯಿದೆ.

ಶ್ರವಣಬೆಳಗೊಳದ ವಿಂಧ್ಯಗಿರಿಗೆ 600ಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲಿನಲ್ಲಿ. ಹತ್ತು ಗಂಟೆಯ ನಂತರ ಬಂಡೆ ಕಾಯತೊಡಗುತ್ತದೆ, ಬೇಸಿಗೆಯಲ್ಲಿ ಮಕ್ಕಳ ಅಂಗಾಲು ಬೊಬ್ಬೆ ಏಳುವಷ್ಟು. ಬೆಳಗಿನ ಜಾವವೇ ಹತ್ತಿ ಬಿಸಿಲೇರುವ ಮೊದಲು ಇಳಿಯಬೇಕು, ದಪ್ಪ ಹತ್ತಿಯ ಕಾಲುಚೀಲ ಜೊತೆಗಿರಬೇಕು. ಮಗುವನ್ನು ಚೀಲದಲ್ಲಿ ಎದೆಗೆ ಕಟ್ಟಿಕೊಂಡು ಹತ್ತುವವರೂ ಇದ್ದಾರೆ. ಇಳಿಯುವಾಗ ಮಾತ್ರ ಎದೆಯ ಮೇಲಿನ ಮಗು ಮೆಟ್ಟಿಲು ಕಾಣದಂತೆ ಮಾಡುತ್ತದೆ, ಒಬ್ಬರು ಮುಂದೆ ನಡೆಯಬೇಕು. ಹತ್ತಲಾರದವರಿಗೆ ಡೋಲಿಯವರಿದ್ದಾರೆ. ಎದುರಿನ ಚಂದ್ರಗಿರಿ ಚಿಕ್ಕ ಬೆಟ್ಟ. ನಾಲ್ಕೈದು ವರ್ಷದ ಮಗು ತಾನೇ ಹತ್ತಿ ಮೇಲಿನಿಂದ ಬಾಹುಬಲಿಯನ್ನು ಕಂಡು ಕೈಮುಗಿಯಬಹುದು, ಮೊದಲ ಸಲಕ್ಕೆ ಅದೇ ಸಾಕು. ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕದ ಜನಸಂದಣಿಗೆ ನಡೆಯಲು ಕಲಿತ, ಆದರೆ ಹೆಸರು-ಊರು ಹೇಳಲು ಬಾರದ ಮಕ್ಕಳನ್ನು ಕರೆದೊಯ್ಯುವವರು ಮಗುವಿನ ಜೇಬಿನಲ್ಲಿ ಫೋನ್ ನಂಬರಿನ ಚೀಟಿ ಇಡಬೇಕು. ಅದೇ ನಂಬರನ್ನು ಮಣಿಕಟ್ಟಿನ ಮೇಲೆ ಪೆನ್ನಿನಲ್ಲಿ ಬರೆದರೆ ಇನ್ನೂ ಭದ್ರ.

ಸಮ್ಮೇದ ಶಿಖರಜಿಯ ಮಾತು ಬೇರೆ. ಇಪ್ಪತ್ತು ತೀರ್ಥಂಕರರ ನಿರ್ವಾಣಭೂಮಿಯಾದ ಜಾರ್ಖಂಡಿನ ಆ ಬೆಟ್ಟದ ಪೂರ್ಣ ವಂದನೆ 27 ಕಿ.ಮೀ.: ಏರಲು 9, ಮೇಲಿನ ಟೋಂಕ್‌ಗಳ ಸುತ್ತು 9, ಇಳಿಯಲು 9. ಯಾತ್ರಿಕರು ಬೆಳಗಿನ ಜಾವ ಮೂರರ ಹೊತ್ತಿಗೇ ಮಧುಬನದಿಂದ ಹೊರಡುತ್ತಾರೆ. ಬೆಂಗಳೂರಿನಿಂದ ರಾಂಚಿಗೆ ವಿಮಾನದಲ್ಲಿ ಹೋದರೂ ಅಲ್ಲಿಂದ ಮಧುಬನಕ್ಕೆ ನಾಲ್ಕು ಗಂಟೆಗೂ ಮೇಲಿನ ರಸ್ತೆಯಿದೆ. ಕರ್ನಾಟಕದವರು ಮರೆಯುವುದು ಅಲ್ಲಿನ ಸೂರ್ಯನನ್ನು: ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಆರು ಗಂಟೆಗೆ ಮುಳುಗುವ ಸೂರ್ಯ ಅಲ್ಲಿ ಐದಕ್ಕೇ ಮುಳುಗುತ್ತಾನೆ. ಮಧ್ಯಾಹ್ನ ರಾಂಚಿಯಲ್ಲಿ ಇಳಿದು ಮಧುಬನದ ಭೋಜನಶಾಲೆಯಲ್ಲಿ ಊಟ ಮಾಡಿದರಾಯಿತು ಎಂದುಕೊಂಡರೆ ಮಗು ಹಸಿದೇ ಮಲಗಬೇಕಾಗುತ್ತದೆ. ಬೆಳಗಿನ ವಿಮಾನ ಹಿಡಿಯಬೇಕು, ಇಲ್ಲವೇ ಆ ರಾತ್ರಿ ರಾಂಚಿಯಲ್ಲೇ ಉಳಿಯಬೇಕು.

ಬೆಟ್ಟದ ಮೇಲೆ ಏನನ್ನೂ ತಿನ್ನದೆ, ಕುಡಿಯದೆ ವಂದನೆ ಮುಗಿಸುವವರು ಬಹಳ ಮಂದಿ. ಚಿಕ್ಕ ಮಗುವಿಗೆ ಆ ನಿಯಮ ಹೊರಿಸಲಾಗದು. ಹಾಗೆಯೇ ಡೈಪರನ್ನು ಬೆಟ್ಟದಲ್ಲಿ ಎಸೆಯಲೂ ಆಗದು, ಚೀಲದಲ್ಲಿ ಕಟ್ಟಿ ಕೆಳಗೆ ತರಬೇಕು. ಸುಮಾರು 1,365 ಮೀಟರ್ ಎತ್ತರದ ನೆತ್ತಿಯಲ್ಲಿ ಚಳಿಗಾಲದ ನಸುಕು ಕೊರೆಯುತ್ತದೆ. ಡೋಲಿಯಲ್ಲಿ ಅಲ್ಲಾಡದೆ ಕೂತ ಮಗುವಿಗೆ ನಡೆಯುವ ದೊಡ್ಡವರಿಗಿಂತ ಚಳಿ ಹೆಚ್ಚು ಎನ್ನುವುದನ್ನು ಮರೆತು ಒಂದೇ ಸ್ವೆಟರ್ ಹಾಕಿಸಿರುತ್ತಾರೆ. ಮೂರು ವರ್ಷದೊಳಗಿನ ಮಕ್ಕಳಿದ್ದರೆ ಸರದಿಯ ವಂದನೆ ಒಳ್ಳೆಯ ದಾರಿ. ಒಂದು ದಿನ ಅರ್ಧ ಮಂದಿ ಬೆಟ್ಟಕ್ಕೆ, ಉಳಿದವರು ಮಗುವಿನೊಡನೆ ಮಧುಬನದ ಜಿನಾಲಯಗಳ ದರ್ಶನಕ್ಕೆ; ಮರುದಿನ ಅದಲುಬದಲು. ಅದಕ್ಕಾಗಿ ಟಿಕೆಟ್ ತೆಗೆಯುವಾಗಲೇ ಮಧುಬನದಲ್ಲಿ ಎರಡು ಹಗಲು ಸಿಗುವಂತೆ ನೋಡಿಕೊಳ್ಳಬೇಕು.